ಲಿಸ್ಬನ್ನಿನಲ್ಲಿ ಮೌಶಿಯ ಸೋಮವಾರ

ಈ ಸಲ ಚೌತಿಗೆ ಮನೆ ತೊಳೆಯುವ ಗದ್ದಲದಲ್ಲಿ ಆಯಿ ನನ್ನ ಹಾಸಿಗೆಯನ್ನೂ ಎತ್ತಿ ಬಿಸಿಲಿಗೆ ಹಾಕಿದಳು. ಹಾಸಿಗೆಯ ಅಡಿಯಲ್ಲಿ ಹದಿನೇಳು ಕಾಗದದ ಚೀಲಗಳು ಇಸ್ತ್ರಿ ಹೊಡೆದ ಹಾಗೆ ಚಪ್ಪಟೆಯಾಗಿ ಮಲಗಿದ್ದವು.

"ಇದೆಂತದೇ? ಬ್ಯಾಂಕಿನ ಕಾಗದವಾ?"

"ಬೇಕರಿ ಚೀಲ, ಆಯಿ. ಫಾರಿನ್ನಿದು."

"ಒಳಗೆ ಎಂತಾ ಅದೆ?"

"ಎಂತದೂ ಇಲ್ಲ. ತಿಂದಾಗದೆ."

ಆಯಿ ಪೊರಕೆ ಗೋಡೆಗೆ ಒರಗಿಸಿ ಸೊಂಟದ ಮೇಲೆ ಕೈ ಇಟ್ಟಳು. "ಊರವರ ಹುಡುಗಿಯರು ಹೊರದೇಶಕ್ಕೆ ಹೋದ್ರೆ ಸೆಂಟು ತರ್ತರು, ವಾಚು ತರ್ತರು. ನಮ್ಮನೆದು ತಿಂದ ಚೀಲ ತಂದದೆ!"

ಚೀಲಗಳನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡೆ. ನಿಮಗೂ ಇದು ಹುಚ್ಚೆಂದೇ ಅನಿಸಬಹುದು. ಆದರೆ ಒಂದೊಂದು ಚೀಲದ ಮೇಲೂ ಒಂದೊಂದು ಜಿಡ್ಡಿನ ಕಲೆ ಇದೆ. ಆ ಕಲೆ ನೋಡಿದರೆ ಸಾಕು, ಅಲ್ಲಿ ಏನು ತಿಂದೆ, ಎಷ್ಟು ತಿಂದೆ, ಎರಡನೆಯದನ್ನು ಯಾವ ನೆಪ ಹೇಳಿ ತೆಗೆದುಕೊಂಡೆ ಎಂದು ಈಗಲೂ ಒಪ್ಪಿಸಬಲ್ಲೆ. ಉಳಿದವರು ಪರದೇಶಕ್ಕೆ ಹೋದರೆ ಗೋಪುರ ನೋಡುತ್ತಾರೆ, ಅರಮನೆ ನೋಡುತ್ತಾರೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಮೂಗು ಎತ್ತಿಕೊಂಡು ನಡೆಯುತ್ತೇನೆ. ಎಲ್ಲಿ ಬೆಣ್ಣೆ ಬೇಯುವ ವಾಸನೆ ಬಂತೋ ಅಲ್ಲಿಗೆ ನನ್ನ ಪ್ರವಾಸ ಮುಗಿಯಿತು.

ಇಷ್ಟಕ್ಕೂ ಅಂಕೋಲೆಯ ಹುಡುಗಿಗೆ ಪರದೇಶದ ಯೋಗ ಹೇಗೆ ಬಂತು ಎಂದು ಕೇಳಿದರೆ, ಗೇರುಬೀಜದಿಂದ ಬಂತು. ಊರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಆರಿಸುವ ವಿಭಾಗ ನನ್ನದು. ಇಡೀ ಬೀಜ ಬೇರೆ, ಹೋಳು ಬೇರೆ, ತುಂಡು ಬೇರೆ, ಸುಟ್ಟಿದ್ದು ಬೇರೆ. ಅದನ್ನು ಕೊಳ್ಳುವವರಲ್ಲಿ ಹೊರದೇಶದ ಬೇಕರಿಯವರೂ ಮಿಠಾಯಿಯವರೂ ಇದ್ದರು. ಎರಡು ಸಾವಿರದ ಇಸವಿಯ ಈಚೆಗೆ ವ್ಯಾಪಾರ ಕುದುರಿದಾಗ ಮಾದರಿ ಚೀಲ ಹಿಡಿದು ಹೋಗಿ ಅವರೊಡನೆ ಮಾತಾಡಿ ಬರಲು ಒಬ್ಬರು ಬೇಕಾದರು. ಮಾಲೀಕರಿಗೆ ಇಂಗ್ಲಿಷ್ ಎಂದರೆ ಬೆವರು. ನನಗೆ ಬೆವರು ಬರುತ್ತಿರಲಿಲ್ಲ, ತಪ್ಪು ಮಾತ್ರ ಬರುತ್ತಿತ್ತು. ಹಾಗಾಗಿ ನನ್ನನ್ನು ಕಳಿಸಿದರು. ಬೆಕ್ಕನ್ನು ಮೀನು ಪೇಟೆಗೆ ಕಳಿಸಿದ ಹಾಗಾಯಿತು.

ನಿಜ ಹೇಳಬೇಕೆಂದರೆ ನನ್ನ ಮೊದಲ ಪರದೇಶ ಕಾರವಾರ. ನಗಬೇಡಿ. ಅಂಕೋಲೆಯಲ್ಲಿ ನಮಗಿದ್ದದ್ದು ಬೆಳಿಗ್ಗೆ ಸೈಕಲ್ಲಿನ ಮೇಲೆ ಬುಟ್ಟಿ ಕಟ್ಟಿಕೊಂಡು ಪೋಂ ಪೋಂ ಎನ್ನುತ್ತ ಬರುವ ಪಾವ್ ಬ್ರೆಡ್ಡಿನವನು ಒಬ್ಬನೇ. ಪಾವನ್ನು ಚಹಾದಲ್ಲಿ ಅದ್ದುವುದು, ಅದು ಮುರಿದು ಬೀಳುವುದರೊಳಗೆ ಬಾಯಿಗೆ ಹಾಕುವುದು, ಬಿದ್ದರೆ ಚಮಚದಿಂದ ಹುಡುಕುವುದು. ಆದರೆ ಕಾರವಾರದ ಬೇಕರಿಗೆ ಗಾಜಿನ ಪೆಟ್ಟಿಗೆ ಇತ್ತು! ಗಾಜಿನ ಒಳಗೆ ಪದರ ಪದರದ ಖಾರಿ ಬಿಸ್ಕತ್ತು, ತೋಸು ಎಂಬ ರಸ್ಕು, ನಾನ್ಕಟಾಯಿ, ಮೇಲೊಂದು ಕೆಂಪು ಚೆರ್ರಿ ಇಟ್ಟ ಕೇಕು. ಹೊರಗೆ ಕೊಂಕಣಿಯಲ್ಲಿ ಜಗಳ. ಭಾಷೆ ಬೇರೆ, ತಿಂಡಿ ಬೇರೆ, ಇನ್ನೇನು ಬೇಕು ಪರದೇಶ ಅನ್ನಿಸಲು? ಬಿಣಗಾ ಘಟ್ಟದ ತಿರುವಿನಲ್ಲಿ ಬಸ್ಸು ವಾಲಿ, ಕೆಳಗೆ ಸಮುದ್ರ ಕಂಡು, ನನ್ನ ಹೊಟ್ಟೆ ತೊಳಸಿದರೂ ಬಾಯಲ್ಲಿ ನೀರು ಬರುತ್ತಿತ್ತು. ಎರಡೂ ಒಟ್ಟಿಗೆ ಆಗಬಲ್ಲವು ಎಂದು ನಾನು ಕಂಡುಕೊಂಡದ್ದು ಅಲ್ಲಿಯೇ.

ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದವಳು ಭಾವಿಕೇರಿ ಮೌಶಿ, ಆಯಿಯ ತಂಗಿ, ನನ್ನ ಚಿಕ್ಕಮ್ಮ. ಆಯಿಗೆ ತಿಂಡಿ ಎಂದರೆ ಹೊಟ್ಟೆ ತುಂಬುವ ವಸ್ತು. ಮೌಶಿಗೆ ಅದು ಬೇರೆಯದೇ ಸಂಗತಿ. ಖಾರಿಯ ಪದರಗಳನ್ನು ಒಂದೊಂದಾಗಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ ತಿನ್ನುವವಳು ಅವಳು. ಒಮ್ಮೆ ಮೂರು ತೋಸು ತಿಂದು "ಇವತ್ತಿದು ಒಂದು ಹದ ಕಮ್ಮಿ ಬೆಂದದೆ" ಎಂದು ಹೇಳಿ, ಹದ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾಲ್ಕನೆಯದನ್ನೂ ತಿಂದಳು. ನಾನು ಯಾರ ಶಿಷ್ಯೆ ಎಂದು ಇನ್ನು ಹೇಳಬೇಕಾಗಿಲ್ಲ.

ಸೋಮವಾರ ಮಾತ್ರ ಅವಳನ್ನು ಬೇಕರಿಗೆ ಕರೆದೊಯ್ಯಬಾರದು. ಸೋಮವಾರ ಅವಳು ಮೀನು ಮುಟ್ಟುವುದಿಲ್ಲ, ಮೊಟ್ಟೆ ಮುಟ್ಟುವುದಿಲ್ಲ. ಗಾಜಿನ ಪೆಟ್ಟಿಗೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ತೋರಿಸಿ "ಇದಕ್ಕೆ ಮೊಟ್ಟೆ ಹಾಕೀರಾ? ಇದಕ್ಕೆ?" ಎಂದು ವಿಚಾರಣೆ ನಡೆಸುತ್ತಿದ್ದಳು. ಬೇಕರಿಯವನು ಒಂದು ದಿನ ಸೋತು, "ಅಕ್ಕಾ, ನೀರಿಗೆ ಹಾಕಲಿಲ್ಲ, ಒಂದು ಗ್ಲಾಸ್ ಕೊಡಲಾ?" ಎಂದ. ಅದು ಗೋಕರ್ಣದ ಮಾದೇವನ ಹರಕೆ ಎಂದಷ್ಟೇ ಗೊತ್ತು, ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ನಮ್ಮ ಕಡೆ ಮನೆಗೊಬ್ಬರಾದರೂ ಏನನ್ನಾದರೂ ಬಿಟ್ಟವರು ಇರುತ್ತಾರೆ. ಒಬ್ಬರು ಕಾಶಿಗೆ ಹೋಗಿ ಬದನೆಕಾಯಿ ಬಿಟ್ಟಿರುತ್ತಾರೆ, ಇನ್ನೊಬ್ಬರು ಗುರುವಾರ ಏಡಿ ಬಿಟ್ಟಿರುತ್ತಾರೆ. ಯಾಕೆ ಬಿಟ್ಟಿರಿ ಎಂದು ಕೇಳುವುದು ಮೂಗು ಯಾಕೆ ಹೀಗಿದೆ ಎಂದು ಕೇಳಿದಷ್ಟೇ ಅಸಂಬದ್ಧ.

ಮೊದಲ ಎರಡು ಪ್ರಯಾಣ ಮಾಲೀಕರ ಹೆಂಡತಿಯ ಜೊತೆ. ಮಸ್ಕತ್ತಿನ ಬಂದರಿನ ಹತ್ತಿರ ಒಂದು ಚಹಾದಂಗಡಿ. ಏಲಕ್ಕಿ ಹಾಕಿ ಕೆಂಪಗೆ ಕುದಿಸಿದ ಚಹಾ, ಜೊತೆಗೆ ಹಂಚಿನ ಮೇಲೆ ಕಾಗದದಷ್ಟು ತೆಳ್ಳಗೆ ಸವರಿ ತೆಗೆದ ರೊಟ್ಟಿ. ನಮ್ಮ ತೆಳ್ಳವು ದೋಸೆಯ ಅಕ್ಕನೋ ತಂಗಿಯೋ ಇರಬೇಕು ಎಂದುಕೊಂಡು ಐದು ತಿಂದು ಸಂಬಂಧ ಖಾತ್ರಿ ಮಾಡಿಕೊಂಡೆ. ಆಮೇಲೆ ಆಮ್‌ಸ್ಟರ್‌ಡ್ಯಾಮ್. ಅಲ್ಲಿ ಕಾಲುವೆಯ ಪಕ್ಕದ ಒಂದು ಕೆಫೆಯಲ್ಲಿ ಕಾಫಿಯ ಜೊತೆ ಒಂದು ದುಂಡನೆಯ, ನಡುವೆ ಬೆಲ್ಲದ ಪಾಕದಂಥದ್ದು ತುಂಬಿದ ಬಿಸ್ಕತ್ತು ಕೊಟ್ಟರು. ಅದನ್ನು ಕಪ್ಪಿನ ಬಾಯಿಯ ಮೇಲೆ ಮುಚ್ಚಳದ ಹಾಗೆ ಇಟ್ಟು, ಹಬೆಗೆ ಪಾಕ ಕರಗುವ ತನಕ ಕಾಯಬೇಕಂತೆ. ಕಾಯುವುದು! ಪಾವಿನ ಮೇಲೆ ಬೆಳೆದ ಜೀವ ಕಾಯುತ್ತದೆಯೇ? ಮಡಚಿ ಕಾಫಿಯೊಳಗೆ ಅದ್ದಿದೆ. ಅರ್ಧ ಕಳಚಿ ಮುಳುಗಿತು. ಚಮಚ ಹಾಕಿ ಕೆದಕುತ್ತಿದ್ದ ನನ್ನನ್ನು ನೋಡಿ ಅಂಗಡಿಯ ಅಜ್ಜಿ ನಕ್ಕು ನಕ್ಕು ಇನ್ನೊಂದು ತಂದಿಟ್ಟಳು. ಅಂದಿನಿಂದ ಪರದೇಶದ ಕೆಫೆಗಳಲ್ಲಿ ಮೊದಲನೆಯದನ್ನು ಬೇಕೆಂದೇ ಬೀಳಿಸುತ್ತೇನೆ.

ಎರಡು ಸಾವಿರದ ಆರರ ಜೂನಿನಲ್ಲಿ ಲಿಸ್ಬನ್ ಎಂಬ ಊರಿಗೆ ಹೋಗಬೇಕಾಗಿ ಬಂತು. ಮಾಲೀಕರ ಹೆಂಡತಿಗೆ ಮೊಣಕಾಲು ನೋವು. ನಾನೊಬ್ಬಳೇ ಹೋಗುತ್ತೇನೆ ಎಂದರೆ ಆಯಿ ಅನ್ನ ಬಿಡುವ ಹಂತಕ್ಕೆ ಬಂದಳು. ನನಗೆ ಆಗ ಮೂವತ್ತೈದು ವರ್ಷ, ಕೈಕೆಳಗೆ ನಲವತ್ತು ಜನ ಹೆಂಗಸರು. ಆಯಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಆಗ ಭಾವಿಕೇರಿಯಿಂದ ಮೌಶಿ ಬಂದು ಮುಂಬಾಗಿಲಲ್ಲಿ ಚಪ್ಪಲಿ ಕಳಚುತ್ತಲೇ ಹೇಳಿದಳು: "ನಾ ಹೋಗ್ತೆ ಅವಳ ಸಂಗತಿಗೆ. ಪಾಸ್‌ಪೋರ್ಟ್ ಅದೆ ನನ್ನ ಹತ್ರ."

ಅದು ಮಾನಸ ಸರೋವರಕ್ಕೆ ಹೋಗಬೇಕೆಂದು ಮಾಡಿಸಿದ ಪಾಸ್‌ಪೋರ್ಟು. ಡಾಕ್ಟರು ಬೇಡ ಎಂದಿದ್ದರಿಂದ ಟ್ರಂಕಿನಲ್ಲಿ ಹೊಸದಾಗಿಯೇ ಉಳಿದಿತ್ತು. ಕೈಲಾಸಕ್ಕೆ ಹೋಗಬೇಕಾದ ಪಾಸ್‌ಪೋರ್ಟು ಬೇಕರಿಗೆ ಹೊರಟಿತು.

ವಿಮಾನದಲ್ಲಿ ನಾನು ಗಡಿಯಾರವನ್ನು ಅಲ್ಲಿಯ ಹೊತ್ತಿಗೆ ತಿರುಗಿಸಿಕೊಂಡೆ. ಮೌಶಿ ತನ್ನದನ್ನು ಮುಟ್ಟಗೊಡಲಿಲ್ಲ. "ನಮ್ಮನೆ ಎಮ್ಮೆ ಕರೆಯೂ ಹೊತ್ತು ನನಗೆ ಗೊತ್ತಾಗಬೇಕು" ಎಂದಳು. ಹಾಗಾಗಿ ಆ ಪ್ರವಾಸವಿಡೀ ನಮ್ಮಿಬ್ಬರ ಮಣಿಕಟ್ಟುಗಳ ನಡುವೆ ನಾಲ್ಕೂವರೆ ತಾಸಿನ ಅಂತರ ಇತ್ತು. ನಾವು ತಿಂಡಿಗೆ ಕುಳಿತರೆ ಅವಳು ಗಡಿಯಾರ ನೋಡಿ, "ಈಗ ನಿಮ್ಮ ಕಾಕಾ ಉಂಡು ಒಂದು ನಿದ್ದೆ ತೆಗೆದು ಏಳ್ತರು" ಎಂದು ಸುದ್ದಿ ಓದುತ್ತಿದ್ದಳು.

ಲಿಸ್ಬನ್ ಮುಟ್ಟಿದ್ದು ಭಾನುವಾರ ಮಧ್ಯಾಹ್ನ. ಸಂಜೆ ಎಂಟು ಗಂಟೆಗೂ ಅಲ್ಲಿ ಹಗಲಿನ ಬೆಳಕು. ಇಳಿಜಾರಿನ ಓಣಿಯೊಂದರಲ್ಲಿ ಬೀದಿಗೇ ಒಲೆ ಇಟ್ಟು ಕೆಂಡದ ಮೇಲೆ ಮೀನು ಸುಡುತ್ತಿದ್ದರು. ಮೌಶಿ ಬಗ್ಗಿ ನೋಡಿದವಳು ರಸ್ತೆಯಲ್ಲೇ ಚಪ್ಪಾಳೆ ತಟ್ಟಿದಳು: "ಅಯ್ಯೋ ಶಾಲೂ, ತಾರ್ಲೆ! ನಮ್ಮ ತಾರ್ಲೆ!" ಸಾವಿರಾರು ಮೈಲಿ ದೂರ ಬಂದು ನೆಂಟರು ಸಿಕ್ಕಂತೆ ಅವಳಿಗೆ. ಆರು ತಾರ್ಲೆ ತಿಂದಳು. ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, "ಮಸಾಲೆ ಹಾಕಿದ್ರೆ ಇವರ ಕೈಗೆ ಹುಣ್ಣಾಗ್ತಿತ್ತಾ?" ಎಂದು ಕೇಳಿ, ಏಳನೆಯದನ್ನೂ ತಿಂದಳು.

ಮರುದಿನ ಮಿಠಾಯಿಯವರ ಜೊತೆ ಮಾತುಕತೆ ಚೆನ್ನಾಗಿಯೇ ಮುಗಿಯಿತು. ಮಂಗಳವಾರ ಬೆಳಕು ಹರಿಯುವಾಗ ವಿಮಾನ. ಅಂದರೆ ನನಗೆ ಉಳಿದದ್ದು ಸೋಮವಾರದ ಅರ್ಧ ದಿನ ಮತ್ತು ಒಂದು ಇಡೀ ಊರಿನ ಬೇಕರಿಗಳು. ಓಡಿದೆ ಎಂದರೆ ಓಡಿದೆ. ಒಂದು ಕಡೆ ಗಸಗಸೆ ಉದುರಿಸಿದ ಬನ್ನು, ಇನ್ನೊಂದು ಕಡೆ ಬಾದಾಮಿಯದು, ಮತ್ತೊಂದು ಕಡೆ ನಮ್ಮ ಪಾವಿನ ಅಜ್ಜನಂಥ ಒಂದು ಗಟ್ಟಿ ಬ್ರೆಡ್ಡು. ಅಲ್ಲಿಯ ಭಾಷೆಯಲ್ಲೂ ಅದಕ್ಕೆ ಪಾವ್ ಎಂಬಂಥದೇ ಹೆಸರು ಎಂದು ತಿಳಿದು ನಾನು ಓಣಿಯಲ್ಲಿ ಕುಣಿಯುವುದೊಂದು ಬಾಕಿ. ಮೌಶಿ ಎಲ್ಲ ಕಡೆಯೂ ಬಂದಳು, ಎಲ್ಲ ಕಡೆಯೂ ಬೆರಳು ತೋರಿಸಿದಳು, ನಾನು ಎಲ್ಲ ಕಡೆಯೂ "ಎಗ್? ಎಗ್?" ಎಂದು ಕೇಳಿದೆ. ಎಲ್ಲರೂ ಹೆಮ್ಮೆಯಿಂದ ತಲೆಯಾಡಿಸಿದರು. ಆ ಊರಿನವರು ಮೊಟ್ಟೆ ಹಾಕದೆ ಬಾಗಿಲನ್ನೂ ತೆಗೆಯುವುದಿಲ್ಲ ಎಂದು ಕಾಣುತ್ತದೆ. ಮೌಶಿ ಒಣ ಬ್ರೆಡ್ಡು ಮತ್ತು ಕರಿ ಕಾಫಿಯಲ್ಲಿ ಸಂಜೆಯವರೆಗೆ ತಳ್ಳಿದಳು. ನನಗೆ ನೋಡಿ ನೋಡಿ ಸಿಟ್ಟು ಬರತೊಡಗಿತು. ಖಾರಿಯ ಪದರ ಬೆಳಕಿಗೆ ಹಿಡಿದು ನೋಡುವ ಹೆಂಗಸು ಇಂಥ ಊರಿಗೆ ಬಂದು ಒಣ ಬ್ರೆಡ್ಡು ಅಗಿಯುವುದೇ?

ಕೊನೆಗೆ ಏಳೂವರೆ ಹೊತ್ತಿಗೆ ಹೊಳೆಯ ಹತ್ತಿರದ ಒಂದು ಚಿಕ್ಕ ಬೇಕರಿಗೆ ಹೊಕ್ಕೆವು. ನನ್ನ ಹದಿನೇಳು ಚೀಲಗಳಲ್ಲಿ ನನಗೆ ಅತಿ ಪ್ರೀತಿಯದು ಈ ಅಂಗಡಿಯದು. ಕೌಂಟರಿನ ಹಿಂದೆ ಮೌಶಿಯಷ್ಟೇ ವಯಸ್ಸಿನ ಒಬ್ಬ ಹೆಂಗಸು, ಮೊಣಕೈಯವರೆಗೆ ಹಿಟ್ಟು. ಅವಳು ಆಗಷ್ಟೇ ಒಲೆಯಿಂದ ಒಂದು ತಟ್ಟೆ ಹೊರಗೆಳೆದಳು. ಅಂಗೈಯಗಲದ ಬಟ್ಟಲುಗಳು, ಬಟ್ಟಲೂ ತಿನ್ನುವಂಥದೇ, ನೂರು ಪದರದ ಖಾರಿಯಂತೆ. ಅದರೊಳಗೆ ಮೊಟ್ಟೆಯ ಹಳದಿ, ಹಾಲು, ಸಕ್ಕರೆ ಸೇರಿ ಗಿಣ್ಣದ ಹಾಗೆ ಅಲುಗುತ್ತಿತ್ತು, ಮೇಲೆ ಅಲ್ಲಲ್ಲಿ ಕಪ್ಪಗೆ ಸುಟ್ಟ ಚುಕ್ಕೆ. ದಾಲ್ಚಿನ್ನಿ ಉದುರಿಸಿ ಎರಡನ್ನು ನಾವು ಕುಳಿತ ಮೇಜಿಗೆ ತಂದಿಟ್ಟು, ಈಗಲೇ ತಿನ್ನಬೇಕು, ಬಿಸಿಯಿರುವಾಗಲೇ, ಎಂದು ಕೈಸನ್ನೆ ಮಾಡಿದಳು.

ಮೌಶಿ ಬಗ್ಗಿ ಮೂಸಿದಳು. ಕಣ್ಣು ಮುಚ್ಚಿದಳು. "ನನ್ನದು ಕಟ್ಟಿಸು ತಂಗಿ. ನಾಳೆ ತಿಂತೆ."

"ನಾಳೆ ಇದು ತಣ್ಣಗಿನ ಗಂಜಿ ಆಗ್ತದೆ ಮೌಶಿ! ಈಗ ತಿನ್ನು."

"ಇಂದು ಸೋಮಾರ ಅಲ್ಲವೇನೆ."

ಆಗ ನನ್ನ ತಲೆಗೆ ಒಂದು ಬುದ್ಧಿ ಹೊಳೆಯಿತು. ಬುದ್ಧಿ ಹೊಳೆದಾಗಲೆಲ್ಲ ನನಗೆ ಕೆಟ್ಟದ್ದೇ ಆಗಿದೆ, ಆದರೂ ಕಲಿಯುವುದಿಲ್ಲ. ಅವಳ ಕೈ ಹಿಡಿದು ಗಡಿಯಾರ ಅವಳ ಮುಖಕ್ಕೇ ತಿರುಗಿಸಿದೆ. "ನೋಡು, ನಿನ್ನ ವಾಚಲ್ಲಿ ಎಷ್ಟಾಯ್ತು? ಹನ್ನೆರಡು ದಾಟಿ ಹತ್ತು ನಿಮಿಷ. ನಿನ್ನ ಹರಕೆ ಯಾರ ಹತ್ತಿರ? ಗೋಕರ್ಣದ ಮಾದೇವನ ಹತ್ತಿರ. ಗೋಕರ್ಣದಲ್ಲಿ ಈಗ ಯಾವ ವಾರ? ಮಂಗಳವಾರ! ಅವನ ವಾರ ಮುಗಿದು ಅವನು ಮಲಗಿಯೂ ಆಯಿತು."

ಮೌಶಿಯ ಮುಖ ಅರಳಿತು. ಗಡಿಯಾರ ನೋಡಿದಳು, ತಟ್ಟೆ ನೋಡಿದಳು. "ಹೌದಲೇ! ಓದಿದವರಿಗೆ ತಲೆ ಅದೆ ಹೇಳೂದು ಸುಳ್ಳಲ್ಲ" ಎಂದು ಬಟ್ಟಲು ಎತ್ತಿ, ಬೆಳಕಿಗೆ ಹಿಡಿದು ಪದರ ನೋಡಿ, ಬಾಯಿಯ ಹತ್ತಿರ ತಂದಳು. ಗೆದ್ದೆ ಎಂದು ನಾನು ನನ್ನದನ್ನು ಎತ್ತಿಕೊಂಡೆ.

ಅವಳ ಕೈ ಅಲ್ಲೇ ನಿಂತಿತು. ನಿಧಾನವಾಗಿ ಬಟ್ಟಲು ಕೆಳಗಿಟ್ಟಳು.

"ಶಾಲೂ, ನಿನ್ನೆ ನಾವು ತಾರ್ಲೆ ತಿಂದದ್ದು ಎಷ್ಟೊತ್ತಿಗೆ?"

"ಎಂಟು ಗಂಟೆ ಆಗಿತ್ತು, ಮೌಶಿ."

"ಹಾಂಗಾರೆ ಊರಲ್ಲಿ ಆಗ ಸೋಮಾರ ಬಂದಾಗಿತ್ತು."

ಮಾದೇವನ ವಾರ ಗೋಕರ್ಣದ ಗಡಿಯಾರದಂತೆ ನಡೆಯುತ್ತದೆಂದು ಸಾಬೀತು ಮಾಡಿದವಳು ನಾನೇ. ಅದೇ ಲೆಕ್ಕದಲ್ಲಿ ನಿನ್ನೆಯ ಏಳು ತಾರ್ಲೆಗಳೂ ಸೋಮವಾರದ ತಾರ್ಲೆಗಳಾಗಿದ್ದವು.

ಮೌಶಿಯ ಮುಖದಲ್ಲಿ ರಕ್ತ ಇರಲಿಲ್ಲ. ದೇವರಿಗೆ ಹೆದರಿದ್ದಾಳೆ ಎಂದುಕೊಂಡೆ. ಅವಳು ಮೇಜಿನ ಆಚೆಯಿಂದ ಕೈ ಚಾಚಿ ನನ್ನ ಹಣೆ ಮುಟ್ಟಿ ನೋಡಿದಳು. "ನಿನ್ನ ಹೊಟ್ಟೆ ಹ್ಯಾಂಗದೆ? ನಿನ್ನೆಯಿಂದ ಸಮಾ ಅದೆಯಾ?"

"ನನ್ನ ಹೊಟ್ಟೆಗೆ ಎಂತಾ ಆಗ್ತದೆ?"

"ಹೇಳು ಮೊದಲು. ತಿಂದದ್ದು ನಿಲ್ತದೆಯಾ?"

ಬೆಳಿಗ್ಗೆಯಿಂದ ಒಂಬತ್ತು ಬಗೆ ತಿಂದಿದ್ದೆ. ಎಲ್ಲವೂ ಭದ್ರವಾಗಿ ನಿಂತಿದ್ದವು. ಹಾಗೆ ಹೇಳಿದೆ. ಆಗ ಅವಳು ಹೇಳಿದಳು, ಮೂವತ್ತಮೂರು ವರ್ಷ ಯಾರೂ ಕೇಳಿರದ, ಅವಳೂ ಹೇಳಿರದ ಮಾತು.

"ನಿನಗೆ ಆಗ ಎರಡು ವರ್ಷ. ಬಾಯಿಗೆ ಹಾಕಿದ್ದೊಂದೂ ನಿಲ್ತಿರಲಿಲ್ಲ. ಹಾಲು ಕೊಟ್ರೆ ಹಾಲು ಹೊರಗೆ, ಗಂಜಿ ಕೊಟ್ರೆ ಗಂಜಿ ಹೊರಗೆ. ಕಾರವಾರದ ಡಾಕ್ಟರು ಕೈ ಚೆಲ್ಲಿಬಿಟ್ರು. ನಿನ್ನ ಆಯಿ ಮೂಲೆ ಹಿಡಿದು ಕೂತಿದ್ಲು. ನಾ ಗೋಕರ್ಣಕ್ಕೆ ಹೋದೆ. ಮಾದೇವಾ, ಈ ಹುಡುಗಿ ತಿಂದದ್ದು ಅವಳ ಹೊಟ್ಟೆಲಿ ನಿಲ್ಲಲಿ, ಅವಳು ತಿನ್ನೂ ಹಾಂಗಾಗಲಿ, ನಾ ಇರೂವರೆಗೆ ನಿನ್ನ ವಾರ ಮೀನು ಮೊಟ್ಟೆ ಬಿಡ್ತೆ ಅಂದೆ. ಅದಾಗಿ ಎಂಟೇ ದಿನಕ್ಕೆ ನೀನು ಒಂದು ಬಟ್ಟಲು ಗಂಜಿ ಉಂಡೆ."

ಲಿಸ್ಬನ್ನಿನ ಬೇಕರಿಯಲ್ಲಿ, ಒಂಬತ್ತು ಬಗೆ ತಿಂದ ಹೊಟ್ಟೆ ಹೊತ್ತು, ಹತ್ತನೆಯದನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಈ ನನ್ನ ನಾಲಿಗೆ, ಈ ಹಸಿವು, ನನ್ನದೇ ಪ್ರತಿಭೆ ಎಂದು ಬೀಗಿದ ಈ ಹೊಟ್ಟೆಬಾಕತನ, ಎಲ್ಲವನ್ನೂ ಒಬ್ಬಳು ತನ್ನ ತಟ್ಟೆಯಿಂದ ತೆಗೆದು ನನಗೆ ಬಡಿಸಿದ್ದಳು. ಮಾದೇವ ಕೈ ಸ್ವಲ್ಪ ಧಾರಾಳ ಮಾಡಿದ್ದ, ಅಷ್ಟೇ. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡೂ ಒಟ್ಟಿಗೆ.

ಆದರೆ ಅವಳ ಭಯ ಹಾಗೆಯೇ ಇತ್ತು. ಇಷ್ಟು ವರ್ಷ ಹಿಡಿದ ವಾರ ಕೈತಪ್ಪಿತೆಂದು, ನನಗೇನಾದರೂ ಆದೀತೆಂದು ಅವಳು ಮತ್ತೆ ಮತ್ತೆ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಹತ್ತು ನಿಮಿಷದ ಹಿಂದಿನ ವಕೀಲೆಯಾದ ನಾನು ಈಗ ಎದುರು ಪಕ್ಷಕ್ಕೆ ಹಾರಿದೆ. "ನಾನು ಹೇಳಿದ್ದು ಸುಳ್ಳು ಮೌಶಿ! ವಾರ ಅಂದರೆ ಕಾಲು ಇದ್ದಲ್ಲಿಯದು. ನಾವು ನಿನ್ನೆ ಕೂತದ್ದು ಇಲ್ಲಿ, ಇಲ್ಲಿ ನಿನ್ನೆ ಭಾನುವಾರ. ಮಾದೇವ ಗೋಕರ್ಣದಲ್ಲಿ ಮಾತ್ರ ಇರ್ತನಾ? ಇಲ್ಲಿ ಇಲ್ವಾ?"

"ನೀನು ಆಗಲೂ ಹೀಂಗೇ ಹೇಳ್ದೆ" ಎಂದಳು ಮೌಶಿ. ನನ್ನ ಮಾತಿನ ಬೆಲೆ ಅಲ್ಲಿಗೆ ಬಂದು ನಿಂತಿತ್ತು.

ಬೇರೆ ದಾರಿ ಕಾಣದೆ ಕೌಂಟರಿಗೆ ಓಡಿ, ಬೇಕರಿಯ ಹೆಂಗಸನ್ನು ಕೈಹಿಡಿದು ಕರೆತಂದೆ. ನಿನ್ನೆ ಯಾವ ವಾರ, ಇವತ್ತು ಯಾವ ವಾರ, ಇವಳಿಗೆ ಹೇಳಿ ಎಂದು ಬೇಡಿಕೊಂಡೆ. ಅವಳು ಗೋಡೆಯ ಕ್ಯಾಲೆಂಡರ್ ಇಳಿಸಿ ತಂದು ಮೇಜಿನ ಮೇಲೆ ಹರಡಿದಳು. ಹಿಟ್ಟಿನ ಬೆರಳನ್ನು ನಿನ್ನೆಯ ಮನೆಯ ಮೇಲಿಟ್ಟಳು. ಕಣ್ಣು ಮುಚ್ಚಿ, ಎರಡು ಕೈ ಜೋಡಿಸಿ, ತಾನು ಇಗರ್ಜಿಗೆ ಹೋಗಿದ್ದೆ ಎಂದು ತೋರಿಸಿದಳು. ಆಮೇಲೆ ಬೆರಳನ್ನು ಇವತ್ತಿನ ಮನೆಗೆ ತಂದಳು. "ಮಂಡೇ" ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮೌಶಿಯ ಮುಖ ನೋಡಿದಳು.

ಮೌಶಿ ಆ ಹೆಂಗಸಿನ ಹಿಟ್ಟು ಮೆತ್ತಿದ ಕೈ ನೋಡಿದಳು. "ಒಲೆ ಮುಂದೆ ನಿಂತವಳು. ನಿನ್ನೆ ದೇವರಿಗೆ ಹೋಗಿ ಬಂದವಳು. ಇವಳು ಸುಳ್ಳು ಹೇಳೂದಿಲ್ಲ" ಎಂದಳು. ಉಸಿರು ಹೊರಗೆ ಬಂತು. "ಹಾಂಗಾರೆ ನಿನ್ನೆ ಆಯ್ತಾರ. ತಪ್ಪಲಿಲ್ಲ."

"ತಪ್ಪಲಿಲ್ಲ ಮೌಶಿ."

"ಇಂದು ಸೋಮಾರ. ನನಗೆ ಬೇಡ." ತನ್ನ ಬಟ್ಟಲನ್ನು ನನ್ನ ಕಡೆ ಸರಿಸಿದಳು. "ತಿನ್ನು."

ತಿನ್ನಲು ಆಗಲಿಲ್ಲ. ನನ್ನ ನೆನಪಿನಲ್ಲಿ ಅದೇ ಮೊದಲ ಸಲ, ಬಿಸಿ ತಿಂಡಿ ಮುಂದಿದ್ದೂ ನಾನು ಕೈ ಹಿಂದೆ ತೆಗೆದುಕೊಂಡದ್ದು. ಬೇಡ ಎಂದು ತಲೆಯಾಡಿಸಿದೆ.

"ಬೇಡವಾ?" ಮೌಶಿ ಕುರ್ಚಿ ನನ್ನ ಪಕ್ಕಕ್ಕೆ ಎಳೆದುಕೊಂಡಳು. "ನೀನು ಬೇಡ ಅಂದ್ರೆ ನಾ ಬಿಟ್ಟದ್ದು ಎಂತಕ್ಕೆ? ಬಾಯಿ ತೆಗಿ." ಒಂದು ತುಂಡು ಮುರಿದು ನನ್ನ ಬಾಯಿಗೆ ಇಟ್ಟಳು. ಪದರ ಚೂರಾಯಿತು, ಒಳಗಿನ ಬಿಸಿ ಹಳದಿ ನಾಲಿಗೆಯ ಮೇಲೆ ಕರಗಿತು. ಮೌಶಿ ನನ್ನ ಗಂಟಲನ್ನೇ ದಿಟ್ಟಿಸುತ್ತಿದ್ದಳು.

"ಇಳೀತಾ?"

ನಾನು ನುಂಗಿದೆ. "ಇಳೀತು."

ಮೌಶಿ ತಿರುಗಿ, ಇನ್ನೂ ಮೇಜಿನ ಹತ್ತಿರವೇ ಕ್ಯಾಲೆಂಡರ್ ಹಿಡಿದು ನಿಂತಿದ್ದ ಹೆಂಗಸಿಗೆ ಎರಡು ಬೆರಳು ಎತ್ತಿ ತೋರಿಸಿ, ನನ್ನ ಕಡೆ ಕೈ ಮಾಡಿದಳು. ಇನ್ನೆರಡು, ಇವಳಿಗೆ.